ಹೇಳದಕ್ಕನ ಹೊಂಡ

ಗರುಡಗಲ್ಲು ಕೋಟೆಯ ಮೂಡಲ ಬಾಗಿಲಿನಿಂದ ಹೊರಟ ಹಳೆಯ ಬಂಡಿಜಾಡು ಈಗ ಡಾಂಬರು ಕಂಡಿದೆ. ಕಾರೆ, ಕವಳಿ, ಜಾಲಿ ಬೆಳೆದ ಕುರುಚಲು ಗುಡ್ಡಗಳನ್ನು ಬಳಸಿಕೊಂಡು ಆ ದಾರಿಯಲ್ಲೇ ಹೋದರೆ ಎರಡು ಬೋಳು ಬಂಡೆಗಳ ನಡುವೆ ಕಲ್ಲು ಕಟ್ಟಿದ ಹೊಂಡವೊಂದು ಸಿಗುತ್ತದೆ. ನೋಡಿ ಬೆರಗಾಗುವಂಥದ್ದೇನಲ್ಲ. ಇಳಿಯಲು ಮೆಟ್ಟಿಲುಗಳಿವೆ, ಒಂದು ಮಗ್ಗುಲಲ್ಲಿ ಕುರಿಗಳು ಬಾಯಿಟ್ಟು ಕುಡಿಯಲು ಇಳಿಜಾರಿದೆ, ಕಡು ಬೇಸಿಗೆಯಲ್ಲೂ ತಳದಲ್ಲಿ ಕಣ್ಣು ಬಿಟ್ಟುಕೊಂಡಿರುವ ನೀರಿದೆ. ಕೋಟೆ ನೋಡಲು ಬಂದವರು ಇಲ್ಲಿಯವರೆಗೂ ಬಂದು, ಯಾವ ದೊರೆ ಕಟ್ಟಿಸಿದ್ದು ಎಂದು ಕೇಳುತ್ತಾರೆ. ಯಾವ ದೊರೆಯೂ ಕಟ್ಟಿಸಲಿಲ್ಲ. ಇಲ್ಲಿ ಕುರಿ ಕಾಯುವ ಹಟ್ಟಿಯವರೇ ಕಲ್ಲು ಹೊತ್ತು ಕಟ್ಟಿಕೊಂಡದ್ದು. ಹೆಸರು ಹೇಳದಕ್ಕನ ಹೊಂಡ. ಅಕ್ಕ ಏನನ್ನು ಹೇಳಲಿಲ್ಲ, ಯಾರಿಗೆ ಹೇಳಲಿಲ್ಲ ಎಂದು ಕೇಳಿದರೆ ಹಟ್ಟಿಯ ಹಿರಿಯರು ಮೊದಲು ಕಂಬಳಿ ಹಾಸಿ ಕೂರಿಸುತ್ತಾರೆ. ನಿಂತ ಕಾಲಲ್ಲಿ ಕೇಳಿ ಹೋಗುವ ಸಂಗತಿ ಇದಲ್ಲ ಎಂದು ಅವರ ಎಣಿಕೆ.

ಹಿಂದೆ ಒಮ್ಮೆ, ಗರುಡಗಲ್ಲಿನಲ್ಲಿ ಕಾಟಪ್ಪನಾಯಕನೆಂಬವನು ಆಳುತ್ತಿದ್ದ ಕಾಲದಲ್ಲಿ, ಈ ಹೊಂಡದ ಸುತ್ತ ಕುರಿ ಕಾಯುವವರ ಹಟ್ಟಿಯೊಂದಿತ್ತು. ಉಣ್ಣೆ ಕತ್ತರಿಸುವುದು, ನೂಲುವುದು, ಕಂಬಳಿ ನೇಯುವುದು ಅವರ ಬದುಕು; ಆ ಕೆಲಸಗಳ ಬೇಸರ ಕಳೆಯಲು ಅವರು ನೆಚ್ಚಿಕೊಂಡಿದ್ದದ್ದು ಒಗಟು. ಆ ಸೀಮೆಯಲ್ಲಿ ಒಗಟಿಗೊಂದು ಕಟ್ಟಳೆಯುಂಟು. ಬಿಡಿಸಲಾಗದವನು ಸೋತೆನೆಂದರೆ ಸಾಲದು, ಗೆದ್ದವನಿಗೆ ಒಂದು ಊರು ಕೊಡಬೇಕು. ಆ ಊರು ಕೊಡುವವನದ್ದೇ ಆಗಿರಬೇಕೆಂದಿಲ್ಲ. ಕಂಡ ಊರು, ಕೇಳಿದ ಊರು, ಸಮುದ್ರದಾಚೆಯ ಊರು, ಯಾವುದಾದರೂ ನಡೆದೀತು. ಊರು ಕೊಟ್ಟ ಮೇಲೆಯೇ ಗೆದ್ದವನು ಉತ್ತರ ಹೇಳುವುದು. ಹೀಗೆ ಹಟ್ಟಿಯ ಮಕ್ಕಳು ಹಗಲೆಲ್ಲ ರಾಜ್ಯಗಳನ್ನು ಗೆದ್ದು, ಸೋತು, ಸಂಜೆಗೆ ಅಂಬಲಿ ಕುಡಿದು ಮಲಗುತ್ತಿದ್ದರು. ಈ ಆಟದಲ್ಲಿ ಎಲ್ಲರಿಗೂ ಮಣ್ಣು ಮುಕ್ಕಿಸುತ್ತಿದ್ದವಳು ಹಟ್ಟಿಯ ಯಜಮಾನ ಜಂಪಣ್ಣನ ಸೊಸೆ ಬೋರಕ್ಕ. ರಾಗಿ ಬೀಸುತ್ತ ಕೂತಲ್ಲೇ ಅವಳು ಒಗಟು ಕಟ್ಟುತ್ತಿದ್ದಳು, ಅವಳಿಗೆ ಸೋತು ಕೊಡಲು ಹೆಂಗಸರಿಗೆ ಊರುಗಳ ಹೆಸರೇ ಉಳಿದಿರಲಿಲ್ಲ ಎನ್ನುತ್ತಾರೆ.

ಕೇಡು ಹುಟ್ಟಿದ್ದು ಜಂಪಣ್ಣನ ಮರ್ಯಾದೆಯಿಂದ. ಮಾನವಮಿ ಹಬ್ಬಕ್ಕೆ ಹಟ್ಟಿಯ ಪರವಾಗಿ ಕಂಬಳಿ ಒಪ್ಪಿಸಲು ಅವನು ಕೋಟೆಗೆ ಹೋಗಿದ್ದ. ನಾಯಕನಿಗೂ ಒಗಟಿನ ಹುಚ್ಚು. ಓಲಗದಲ್ಲಿ ಅವನ ಮುಂದೆ ಗೆಲ್ಲುವ ಧೈರ್ಯ ಯಾರಿಗೂ ಇಲ್ಲದ್ದರಿಂದ ತನ್ನನ್ನು ಗೆಲ್ಲುವವರೇ ಇಲ್ಲವೆಂದು ಅವನು ನಂಬಿದ್ದ. ಅಂದು ಜಂಪಣ್ಣನನ್ನು ನಿಲ್ಲಿಸಿಕೊಂಡು,

ಬಡಿಗೆ ತಿಂದು ಬಾಗಿದವನು,
ಮೊಳೆಯ ಕಚ್ಚಿ ನಿಂತವನು,
ನಾಡನೆಲ್ಲ ತುಳಿದವನು,
ಹೆಜ್ಜೆಯೊಂದ ಇಡದವನು

ಯಾರು ಎಂದು ಕೇಳಿದ. ಅದು ಕುದುರೆಯ ಲಾಳ. ಕುರಿಗಳ ಹಿಂದೆ ಬರಿಗಾಲಲ್ಲಿ ನಡೆದವನಿಗೆ ಅದು ಹೊಳೆಯಲಿಲ್ಲ. ಸೋತೆ ದೊರೆ ಎಂದ. ಇನ್ನು ಊರು ಕೊಡಬೇಕು. ಸುತ್ತಲಿನ ಊರುಗಳೆಲ್ಲ ನಾಯಕನವೇ; ಅವನದ್ದನ್ನು ಅವನಿಗೇ ಕೊಟ್ಟರೆ ಉದ್ಧಟತನವಾದೀತು, ಪರರಾಜ್ಯದ ಊರಿನ ಹೆಸರೆತ್ತಿದರೆ ಇನ್ನೇನು ಅರ್ಥ ಹುಟ್ಟೀತೋ. ಪಾಪದ ಮುದುಕ ಕೈಮುಗಿದು, ‘ನಮ್ಮ ಹಟ್ಟೀನೇ ಕೊಟ್ಟೆ ದೊರೆ’ ಎಂದುಬಿಟ್ಟ. ಓಲಗವೆಲ್ಲ ನಕ್ಕಿತು. ನಾಯಕನೂ ನಕ್ಕ. ಆದರೆ ಹಬ್ಬ ಕಳೆಯುವುದರೊಳಗೆ ಅವನ ಆಳುಗಳು ಹಟ್ಟಿಗೆ ಬಂದು, ಯಜಮಾನ ತುಂಬಿದ ಓಲಗದಲ್ಲಿ ಕೊಟ್ಟದ್ದಾಗಿದೆ, ಹೊಂಡದ ದಡದಲ್ಲಿ ಕುದುರೆ ಲಾಯ ಏಳಲಿದೆ, ಗುಡಿಸಲು ಕಿತ್ತುಕೊಂಡು ಹೊರಡಿ ಎಂದು ಸಾರಿದರು.

ಆ ಬಯಲಿನಲ್ಲಿ ಹೊಂಡ ಬಿಟ್ಟರೆ ಬೇರೆ ನೀರಿಲ್ಲ. ಹೊಂಡ ಹೋದರೆ ಬೇಸಿಗೆಗೆ ಕುರಿ ಉಳಿಯುವುದಿಲ್ಲ, ಕುರಿ ಹೋದರೆ ಹಟ್ಟಿ ಉಳಿಯುವುದಿಲ್ಲ. ಇದು ಹಾಲು ಕುಡಿಯುವ ಕೂಸಿಗೂ ಗೊತ್ತಿದ್ದ ಲೆಕ್ಕ. ಜಂಪಣ್ಣ ಅನ್ನ ನೀರು ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ. ಕೆಲವರು ಅವನಿಗೆ ಶಾಪ ಹಾಕಿದರು, ಕೆಲವರು ಗಂಟು ಕಟ್ಟತೊಡಗಿದರು. ಬೋರಕ್ಕನಿಗೆ ಈ ಎರಡೂ ಬಗೆಯವರ ಮೇಲೆ ಸಿಟ್ಟು ಬಂತು. ಮಾವ ಮಾಡಿದ್ದು ತಪ್ಪಲ್ಲ, ಆಟದಲ್ಲಿ ಆಡುವ ಮಾತನ್ನು ಆಡಿದ್ದಾನೆ. ಆಟವನ್ನು ಆಟವೆಂದು ಅರಿಯದ ದೊರೆಯದ್ದು ತಪ್ಪು ಎಂದು ಅವಳು ಎಲ್ಲರ ಮುಂದೆ ಹೇಳಿದಳು. ಬಳಿಕ ಒಳಗೆ ಹೋಗಿ, ‘ಏಳು ಮಾವ, ಅಂಬಲಿ ಕುಡಿ. ನಿನ್ನ ಬಾಯಾಗೆ ಹೋದ ಹಟ್ಟಿ ನನ್ನ ಬಾಯಾಗೆ ಬತ್ತೈತೆ’ ಎಂದಳಂತೆ. ಮುದುಕ ಏಳಲಿಲ್ಲ.

ಲಾಯದ ಜಾಗ ನೋಡಲು ನಾಯಕ ತಾನೇ ಬಂದ. ಜೊತೆಗೆ ಸವಾರರು, ಓಲಗದವರು, ಭಟ್ಟಂಗಿಗಳು. ಹಟ್ಟಿಯ ಹೆಂಗಸರು ಅದೇ ಹೊತ್ತಿಗೆ ನೀರಿಗೆ ಬಂದಿದ್ದರು. ಎಲ್ಲರ ತಲೆಯ ಮೇಲೂ ಸಿಂಬೆ, ಅದರ ಮೇಲೆ ಕೊಡ. ಹಳೆಯ ಸೀರೆಯ ತುಂಡನ್ನು ಸುತ್ತಿ ಮಾಡಿದ ಈ ಸಿಂಬೆ ಇಲ್ಲದೆ ಯಾವ ಹೆಂಗಸೂ ಕೊಡ ಎತ್ತುವವಳಲ್ಲ. ಬೋರಕ್ಕ ಕೊಡ ಇಳಿಸಿದಳು, ಸಿಂಬೆಯನ್ನು ತಲೆಯ ಮೇಲೆಯೇ ಬಿಟ್ಟಳು. ಕುದುರೆಯ ಮುಂದೆ ನಿಂತು, ‘ದೊರೆಗೆ ಒಗಟು ಅಂದ್ರೆ ಪ್ರಾಣವಂತೆ. ನಾವೂ ಒಂದೆಲ್ಡು ಬಲ್ಲೆವು, ಕೇಳಬೌದಾ?’ ಎಂದಳು. ನಾಯಕ ಮೀಸೆಯಲ್ಲೇ ನಕ್ಕು ಕೇಳು ಎಂದ.

ಕಾಲಿಲ್ಲದೆ ತಿರುಗುವಳು,
ಹಲ್ಲಿಲ್ಲದೆ ಅಗಿಯುವಳು,
ತುತ್ತೊಂದನೂ ನುಂಗದವಳು,
ತಿಂದದ್ದೆಲ್ಲ ಉಗುಳುವಳು

ಎಂದಳು ಬೋರಕ್ಕ. ಬೀಸುಕಲ್ಲು ಎಂದು ನಾಯಕ ತಟ್ಟನೆ ಹೇಳಿದ. ಭಟ್ಟಂಗಿಗಳು ಭಲೇ ಎಂದರು. ಅವಳು ಇನ್ನೊಂದು ಹಾಕಿದಳು:

ಗುಡ್ಡದ ಮೇಲೆ ಮೇದದ್ದು,
ಕತ್ತರಿ ಬಾಯಿಗೆ ಬಿದ್ದದ್ದು,
ಕದಿರಿನ ತುದಿಗೆ ಕುಣಿದದ್ದು,
ಚಳಿಯ ಬೆನ್ನು ಮುರಿದದ್ದು.

ಕಂಬಳಿ ಎಂದ ನಾಯಕ, ಹೆಗಲ ಮೇಲಿದ್ದದ್ದನ್ನು ತೋರಿಸಿ. ಅದು ಜಂಪಣ್ಣನೇ ಒಪ್ಪಿಸಿದ ಕಂಬಳಿಯಾಗಿತ್ತು. ಬೋರಕ್ಕ ಒಪ್ಪಿದೆನೆಂದು ತಲೆದೂಗಿ, ಮೂರನೆಯದನ್ನು ಬಿಡಿಬಿಡಿಯಾಗಿ, ಹಿಂದೆ ನಿಂತ ಸವಾರರಿಗೂ ಕೇಳುವಂತೆ ಹೇಳಿದಳು:

ಹಾವಲ್ಲ, ಸುರುಳಿ ಸುತ್ತಿದ್ದು,
ಕಿರೀಟವಲ್ಲ, ನೆತ್ತಿ ಹತ್ತಿದ್ದು,
ಊರ ಬಾಯಾರಿಕೆ ಹೊತ್ತದ್ದು,
ಮನೆಯ ಮೂಲೆಯಲಿ ಬಿದ್ದದ್ದು.

ಉತ್ತರ ಅವಳ ತಲೆಯ ಮೇಲೆಯೇ ಕೂತಿತ್ತು, ಸಿಂಬೆಯಲ್ಲದೆ ಇನ್ನೇನು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು. ನಾಯಕ ಮಾತ್ರ ಅವಳ ನೆತ್ತಿಯನ್ನು ಬಿಟ್ಟು ಆಕಾಶ ನೋಡಿದ. ಪೇಟ ಎಂದ. ‘ಪೇಟ ಗೂಟಕ್ಕೇರ್ತೈತೆ ದೊರೆ, ಮೂಲೆಗೆ ಬೀಳಾಕಿಲ್ಲ’ ಎಂದಳು ಬೋರಕ್ಕ. ಗಂಗೆಯನ್ನು ಹೊತ್ತ ಶಿವನ ಜಡೆ ಎಂದ. ‘ಶಿವ ನಮ್ಮನೆ ಮೂಲೇಲಿ ಯಾಕೆ ಬಿದ್ದಾನು?’ ಎಂದಳು. ಮೋಡವೆಂದ, ಸುಳಿಗಾಳಿಯೆಂದ, ಭಟ್ಟಂಗಿಗಳ ಮುಖ ನೋಡಿದ. ಅವರು ಕುದುರೆಗಳ ಮುಖ ನೋಡಿದರು. ಬಿಸಿಲೇರುತ್ತ ಬಂತು. ಹುಟ್ಟಿದಂದಿನಿಂದ ಹೆಂಗಸರು ಹೊತ್ತು ತಂದ ನೀರನ್ನೇ ಕುಡಿದವನಿಗೆ ಕೊಡದ ಕೆಳಗೇನಿದೆ ಎಂದು ನೋಡುವ ಪ್ರಸಂಗ ಬಂದಿರಲಿಲ್ಲ.

ಕಡೆಗೆ ಅವನು ದೊಡ್ಡ ಮನಸ್ಸಿನವನಂತೆ ಕೈಯೆತ್ತಿ, ‘ಆಯ್ತು, ಸೋತೆ. ನಿನ್ನ ಹಟ್ಟಿಯನ್ನು ನಿನಗೇ ಕೊಟ್ಟೆ. ಉತ್ತರ ಹೇಳು’ ಎಂದ. ಹಟ್ಟಿಯವರ ಎದೆಯ ಭಾರ ಇಳಿಯಿತು. ಗೆದ್ದೆವು, ಇಷ್ಟಕ್ಕೇ ಕೈಮುಗಿದು ಹೇಳಿಬಿಡಲಿ ಎಂದು ಎಲ್ಲರೂ ಬೋರಕ್ಕನ ಕಡೆ ನೋಡಿದರು. ಅವಳಿಗೂ ಆ ಕ್ಷಣ ಉತ್ತರ ನಾಲಗೆಯ ತುದಿಗೆ ಬಂದಿತ್ತೆನ್ನುತ್ತಾರೆ. ಆದರೆ ಇವನು ಇಂದು ಕೊಟ್ಟದ್ದನ್ನು ನಾಳೆ ಇನ್ನೊಂದು ಆಟದಲ್ಲಿ ಕಿತ್ತುಕೊಂಡಾನು. ಅವನು ಕೊಟ್ಟನೆಂದು ಒಪ್ಪಿಕೊಂಡರೆ ಹೊಂಡ ಎಂದೆಂದಿಗೂ ಅವನದ್ದೇ ಆದೀತು. ಅವಳು ಕೈಮುಗಿಯಲಿಲ್ಲ.

‘ನಮ್ಮ ಹಟ್ಟೀನ ನಮಗೆ ಕೊಡಾಕೆ ನೀನ್ಯಾರು ದೊರೆ?’ ಎಂದಳು. ‘ಸೋತೋನು ತನ್ನೂರನ್ನೇ ಕೊಡಬೇಕು ಅಂತ ನೀನೇ ತೀರ್ಪು ಮಾಡಿದೀಯ. ನಮ್ಮ ಮಾವ ಸೋತ, ತನ್ನೂರು ಕೊಟ್ಟ, ನೀನು ಇಸ್ಕಂಡೆ. ಈಗ ನೀನು ಸೋತಿದೀಯ. ಗರುಡಗಲ್ಲು ಕೋಟೆ ಕೊಡು, ಹೇಳ್ತೀನಿ. ಅದಾಗಾಕಿಲ್ಲ, ಇದು ಬರೀ ಆಟ ಅಂತೀಯಾ? ಹಂಗಾದ್ರೆ ಅವತ್ತಿಂದೂ ಆಟವೇ.’

ನಾಯಕನ ಕೈ ಚಾವಟಿಗೆ ಹೋಯಿತು. ಹೇಳದಿದ್ದರೆ ನಾಲಗೆ ಕತ್ತರಿಸುತ್ತೇನೆಂದ. ‘ಕತ್ತರಿಸು ದೊರೆ. ಉತ್ತರಾನೂ ಅದ್ರ ಜೊತೆಗೇ ಹೋಗ್ತೈತೆ’ ಎಂದಳು ಬೋರಕ್ಕ. ನಾಯಕ ಉಳಿದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳಿದ. ಬೋರಕ್ಕನ ಒಗಟು, ಬೋರಕ್ಕನೇ ಹೇಳಬೇಕು ಎಂದು ಅವರೆಲ್ಲ ಸಿಂಬೆಯ ಮೇಲೆ ತುಂಬಿದ ಕೊಡ ಹೊತ್ತು ಅವನ ಎದುರಿಗೇ ಸಾಲಾಗಿ ನಡೆದುಹೋದರು. ಸವಾರರಲ್ಲಿ ಗುಜುಗುಜು ಹುಟ್ಟಿತು. ಮಾತಿನ ಮೇಲೆ ಊರು ಇಸಿದುಕೊಂಡವನು ಮಾತಿನ ಮೇಲೆ ಊರು ಬಿಡಬೇಕಲ್ಲ ಎಂದು ಯಾರೋ ಗೊಣಗಿದ್ದು ಅವನ ಕಿವಿಗೂ ಬಿತ್ತು. ಅಷ್ಟು ಜನರ ಮುಂದೆ ಅವಳನ್ನು ಹೊಡೆದರೆ, ಒಂದು ಹೆಣ್ಣಿನ ಒಗಟಿಗೆ ಚಾವಟಿಯಿಂದ ಉತ್ತರ ಹೇಳಿದನೆಂದು ನಾಡೆಲ್ಲ ಆಡಿಕೊಂಡೀತು. ಅವನು ಕುದುರೆ ತಿರುಗಿಸಿದ.

ಲಾಯ ಏಳಲಿಲ್ಲ. ಗಂಟು ಕಟ್ಟಿದ್ದವರು ಬಿಚ್ಚಿದರು. ಜಂಪಣ್ಣ ಎದ್ದು ಅಂಬಲಿ ಕುಡಿದ. ನಾಯಕ ಮುಂದೆ ಎಷ್ಟೋ ಸಲ ಸೀರೆ, ಬಳೆ, ಬೆಲ್ಲ ಕೊಟ್ಟು ಆಳುಗಳನ್ನು ಕಳಿಸಿ ಉತ್ತರ ಕೇಳಿಸಿದನಂತೆ. ಬೋರಕ್ಕ ಬಂದವರಿಗೆ ಮಜ್ಜಿಗೆ ಕೊಟ್ಟಳು, ಸೀರೆ ಬೆಲ್ಲ ವಾಪಸು ಕೊಟ್ಟಳು, ಉತ್ತರ ಕೊಡಲಿಲ್ಲ. ಮುದುಕನಾಗಿ ಹಾಸಿಗೆ ಹಿಡಿದಾಗಲೂ ಕಾಟಪ್ಪನಾಯಕ, ಹಾವಲ್ಲ, ಸುರುಳಿ ಸುತ್ತಿದ್ದು ಎಂದು ಬಡಬಡಿಸುತ್ತಿದ್ದ ಎನ್ನುತ್ತಾರೆ. ಇದರಲ್ಲಿ ಹಟ್ಟಿಯವರ ಒಗ್ಗರಣೆ ಎಷ್ಟೋ ತಿಳಿಯದು, ಹೇಳುವಾಗ ಅವರಿಗೆ ಆಗುವ ಸಂತೋಷವಂತೂ ಸುಳ್ಳಲ್ಲ. ಬೋರಕ್ಕ ತೀರಿಕೊಂಡ ಮೇಲೆ ಅವಳ ಹೆಸರು ಹಿಂದೆ ಸರಿದು, ಅವಳು ಮಾಡಿದ್ದೇ ಹೆಸರಾಗಿ ಹೊಂಡಕ್ಕೆ ನಿಂತಿತು.

ಇಂದು ನಲ್ಲಿ ಬಂದಿದೆ, ಸಿಂಬೆ ಸುತ್ತುವವರು ಕಡಿಮೆಯಾಗಿದ್ದಾರೆ. ಕುರಿಗಳು ಮಾತ್ರ ಈಗಲೂ ಆ ಇಳಿಜಾರಿನಲ್ಲೇ ನೀರು ಕುಡಿಯುತ್ತವೆ, ಕಾಯುವ ಮಕ್ಕಳು ಮೆಟ್ಟಿಲ ಮೇಲೆ ಕೂತು ಒಗಟಿಗೆ ಒಗಟು ಹಾಕುತ್ತಿರುತ್ತಾರೆ. ಹೋದವರು ಸ್ವಲ್ಪ ಹೊತ್ತು ನಿಂತು ಕೇಳಬಹುದು. ಸೋತ ಮಗು ದಿಲ್ಲಿ ಕೊಡುತ್ತದೆ, ಮುಂಬಯಿ ಕೊಡುತ್ತದೆ. ಎಲ್ಲಕ್ಕಿಂತ ಮೊದಲು, ಸಾಮಾನ್ಯವಾಗಿ, ಎದುರಿಗೆ ಕಾಣುವ ಗರುಡಗಲ್ಲು ಕೋಟೆಯನ್ನೇ ಕೊಟ್ಟುಬಿಡುತ್ತದೆ. ತನ್ನ ಹಟ್ಟಿಯನ್ನು ಕೊಟ್ಟ ಮಗುವನ್ನು ಅಲ್ಲಿ ಯಾರೂ ಕಂಡಿಲ್ಲ.