ಬಿರುಕಿನ ತುದಿ

ಹೊಳೆದಂಡೆಯ ಆಶ್ರಮದಲ್ಲಿ ಶಂಭುಲಿಂಗ ಗುರುಗಳು ಮುರಿದ ಲೋಹ ಬೆಸೆಯುವುದನ್ನು ಕಲಿಸುತ್ತಿದ್ದರು. ಒಂದು ಬೆಳಿಗ್ಗೆ ಶಿಷ್ಯ ಕಲ್ಲೇಶ ಕೆಂಪಗೆ ಮಿನುಗುವ ಸೈಕಲ್ಲೊಂದನ್ನು ತಂದು ಅವರ ಮುಂದೆ ನಿಲ್ಲಿಸಿದ.

“ಇದಕ್ಕೇನೋ ಅನ್ನುತ್ತಾರಲ್ಲ, ಡೌನು... ಡೌನು...” ಗುರುಗಳು ತಡವರಿಸಿದರು.

“ಡೌನ್‌ಹಿಲ್, ಗುರುಗಳೇ. ಬೆಟ್ಟ ಇಳಿಯುವ ಸೈಕಲ್ಲು.”

“ಹತ್ತುವಾಗ?”

“ಹೆಗಲ ಮೇಲೆ ಹೊತ್ತುಕೊಳ್ಳುವುದು.”

“ಒಳ್ಳೆ ವಾಹನ!” ಗುರುಗಳು ನಕ್ಕರು. “ಯಾರದು?”

“ನನ್ನ ತಂಗಿ ಶಾಂಭವಿಯದು. ಬಂಡೆಯಿಂದ ಹಾರುವಾಗ ಫ್ರೇಮು ಮುರಿದಿತ್ತು. ನಾನೇ ಬೆಸೆದೆ. ನಾಳೆ ಪಂದ್ಯ. ಇದರಲ್ಲೇ ಇಳಿಯುತ್ತಾಳೆ.”

“ಬಿರುಕು ಎಲ್ಲಿತ್ತು?”

“ಗೊತ್ತೇ ಆಗುವುದಿಲ್ಲ ನೋಡಿ!” ಕಲ್ಲೇಶನ ಎದೆ ಉಬ್ಬಿತು.

“ಅದೇ ನನಗೆ ಭಯ,” ಎಂದರು ಗುರುಗಳು.

ಉಪ್ಪುಕಾಗದ ತೆಗೆದುಕೊಂಡು ಬೆಸುಗೆಯ ಸುತ್ತಲಿನ ಬಣ್ಣವನ್ನೆಲ್ಲ ಉಜ್ಜಿಹಾಕಿದರು.

“ಅಯ್ಯೋ, ಎಷ್ಟು ಚೆಂದ ಹಚ್ಚಿದ್ದೆ!”

ಗುರುಗಳು ಬರಿಯ ಉಕ್ಕಿಗೆ ಸೀಮೆಎಣ್ಣೆ ಸವರಿದರು. ತುಸು ಹೊತ್ತು ಬಿಟ್ಟು ಬಟ್ಟೆಯಿಂದ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದರು.

“ಕೂತುಕೋ. ನೋಡು.”

ಬಿಳಿ ಪುಡಿಯಲ್ಲಿ ಕೂದಲೆಳೆಯಂಥ ಒದ್ದೆ ಗೆರೆಯೊಂದು ಮೂಡಿತು. ಒಳಗೆ ಇಳಿದಿದ್ದ ಎಣ್ಣೆ ಮೇಲೆ ಬರುತ್ತಿತ್ತು. ಬೆಸುಗೆ ಮುಗಿದ ಜಾಗದಿಂದ ಹೊರಟ ಗೆರೆ ಬೆರಳಿನಷ್ಟು ಮುಂದೆ ಹೋಗಿ ನಿಂತಿತು.

ಕಲ್ಲೇಶನಿಗೆ ಬಂಡೆಯಿಂದ ಹಾರುತ್ತಿರುವ ತಂಗಿ ಕಣ್ಣೆದುರು ಬಂದಳು.

“ಕಂಡಷ್ಟನ್ನೇ ಬೆಸೆದೆ, ಗುರುಗಳೇ.”

“ಹ್ಞೂಂ. ಡ್ರಿಲ್ ತಾ. ಗೆರೆ ನಿಂತಲ್ಲಿ ಸಣ್ಣದೊಂದು ತೂತು ಕೊರೆ.”

“ಮೊದಲೇ ಒಡೆದಿದೆ. ಅದರ ಮೇಲೆ ತೂತೇ?”

“ಬಿರುಕಿನ ತುದಿ ಚೂಪು. ಚೂಪಾಗಿರುವ ತನಕ ಸೀಳಿಕೊಂಡೇ ಹೋಗುತ್ತದೆ. ದುಂಡಗಿನ ತೂತಿಗೆ ಬಂದು ಬಿದ್ದರೆ ಅಲ್ಲೇ ನಿಲ್ಲುತ್ತದೆ.”

ಕಲ್ಲೇಶ ಡ್ರಿಲ್ ಹಿಡಿದ. “ಕೈ ನಡುಗುತ್ತಿದೆ.”

“ನಡುಗಲಿ. ನಿನ್ನೆ ನಡುಗಲಿಲ್ಲ, ಅದಕ್ಕೇ ಹೀಗಾಯಿತು.”

ಅವನು ತೂತು ಕೊರೆದ. ತನ್ನ ಹಳೆಯ ಬೆಸುಗೆಯನ್ನು ತಾನೇ ಕೆರೆದು ತೆಗೆದ. ಬಿರುಕನ್ನು ಉದ್ದಕ್ಕೂ ಕೆತ್ತಿ ಅಗಲ ಮಾಡಿ, ತೂತಿನ ತನಕ ಹೊಸದಾಗಿ ಬೆಸೆದು, ಮೇಲೊಂದು ಉಕ್ಕಿನ ಪಟ್ಟಿ ಕೂಡಿಸಿದ.

ಸಂಜೆ ಶಾಂಭವಿ ಬಂದಳು.

“ಏನಣ್ಣಾ, ಇದಕ್ಕೆ ಬ್ಯಾಂಡೇಜು ಕಟ್ಟಿದ್ದೀಯಲ್ಲ! ಕೆಂಪು ಬಣ್ಣ ಎಲ್ಲಿ ಹೋಯಿತು?”

ಸುಮ್ಮನೆ ನಕ್ಕುಬಿಡಬಹುದಿತ್ತು. ಕಲ್ಲೇಶ ನಗಲಿಲ್ಲ. ತಾನು ಕಾಣದೆ ಬಿಟ್ಟದ್ದನ್ನು, ಗುರುಗಳು ತೋರಿಸಿಕೊಟ್ಟದ್ದನ್ನು ಒಂದೂ ಬಿಡದೆ ಹೇಳಿದ.

ಅವಳು ಬಹಳ ಹೊತ್ತು ಬೆಸುಗೆಯ ಮೇಲೆ ಬೆರಳಾಡಿಸಿದಳು.

“ಆ ಕೆಂಪು ಬಣ್ಣದಲ್ಲೇ ಕೊಟ್ಟಿದ್ದರೆ ನಿನ್ನನ್ನು ಹೊಳೆಗೆ ತಳ್ಳುತ್ತಿದ್ದೆ.”

“ತಳ್ಳುವುದಕ್ಕೆ ನೀನು ಇರಬೇಕಲ್ಲ, ತಾಯಿ.”

“ಹಾಗಾದರೆ ಈಗ ಇಳಿಯಲಾ, ಬೇಡವಾ?”

ಕಲ್ಲೇಶ ಗುರುಗಳ ಕಡೆ ನೋಡಿದ. ಗುರುಗಳು ಹೊಳೆಯ ಕಡೆ ನೋಡುತ್ತಿದ್ದರು.

“ಇಳಿ,” ಎಂದ ಕಲ್ಲೇಶ.

ಮರುದಿನ ಬೆಟ್ಟದ ಬುಡದಲ್ಲಿ ಗುರುಶಿಷ್ಯರು ಕಾದು ನಿಂತರು. ಮೇಲೆ ಧೂಳೆದ್ದಿತು. ಬಂಡೆಯ ತುದಿಯಲ್ಲಿ ಸೈಕಲ್ಲು ಗಾಳಿಗೆ ಹಾರಿತು. ಕಲ್ಲೇಶ ಕಣ್ಣು ಮುಚ್ಚಲಿಲ್ಲ. ಚಕ್ರಗಳು ಧಡ್ಡನೆ ನೆಲ ಮುಟ್ಟಿ ಉರುಳುತ್ತಲೇ ಬಂದವು.

ಮೈಯೆಲ್ಲ ಧೂಳಾದ ಶಾಂಭವಿ ಏದುಸಿರು ಬಿಡುತ್ತಾ, ನಗುತ್ತಾ ಇಳಿದಳು. ಕಲ್ಲೇಶ ಮಂಡಿಯೂರಿ ಬೆಸುಗೆ ತಡವಿ ನೋಡಿದ. ಗಟ್ಟಿಯಾಗಿತ್ತು.

“ಗುರುಗಳೇ, ಇನ್ನು ಇದು ಮುರಿಯುವುದಿಲ್ಲ ಅಲ್ಲವೇ?”

“ಅದನ್ನು ಅವಳು ಪ್ರತಿ ಸಲ ಸೈಕಲ್ಲು ಹತ್ತುವ ಮುಂಚೆ ಕೇಳು,” ಎಂದರು ಗುರುಗಳು. “ಈಗ ಅವಳಿಗೆ ನೀರು ಕೊಡು.”