ಡಿಕ್ಕಿಯ ಮೇಲಿನ ರೆಕ್ಕೆ

"ನಮ್ಮ ಮನೆತನ ಆರು ತಲೆಮಾರಿನಿಂದ ಈ ಮಠಕ್ಕೆ ನಡೆದುಕೊಂಡು ಬಂದಿದೆ, ಬುದ್ಧಿ. ನಮ್ಮ ಮಾವನವರ ತಂದೆ ಹೇಳಿದ ತೀರ್ಪನ್ನು ಊರು ಎಂದೂ ಮೀರಿದ್ದಿಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳು ಯಾರೆದುರೂ ತಲೆ ತಗ್ಗಿಸಿದವರಲ್ಲ. ಅಂಥ ಮನೆಯ ಹಿರಿಯಳು ಕಿರಿಯಳೊಬ್ಬಳ ಮುಂದೆ ತಪ್ಪಾಯಿತು ಅನ್ನಬೇಕೆ? ಸುಮ್ಮನಿದ್ದರೆ ಕಾಲವೇ ಅದನ್ನು ಸರಿಮಾಡುವುದಿಲ್ಲವೆ?"

ಹೀಗೆಂದು ಸ್ವಾಮಿಗಳನ್ನು ಕೇಳಿದವರು ಸರ್ವಮಂಗಳಮ್ಮ. ತಪ್ಪೇನೆಂದು ಸ್ವಾಮಿಗಳು ವಿಚಾರಿಸಿದರು. ಕೊಟ್ಟದ್ದನ್ನು ಮರೆತು ಪತಿಗೆ ಎರಡನೆಯ ಸಲ ಮಾತ್ರೆ ಕೊಟ್ಟು, ಅವರು ಆಸ್ಪತ್ರೆ ಸೇರುವಂತೆ ಮಾಡಿದವರು ಸರ್ವಮಂಗಳಮ್ಮನೇ. ಬಂಧುಗಳು ಕೇಳಿದಾಗ ಸೊಸೆಯ ಹೆಸರು ಹೇಳಿದ್ದರು. ಪತಿ ಗುಣವಾಗಿ ಮನೆಗೆ ಬಂದರು. ಸೊಸೆ ಮಾತ್ರ ಮಾತು ಬಿಟ್ಟಳು, ತಟ್ಟೆಯ ಮುಂದೆ ಕೂತು ಹಾಗೆಯೇ ಏಳತೊಡಗಿದಳು. ಅವಳ ಕೋಣೆಯ ಬಾಗಿಲು ಮುಚ್ಚಿದ್ದನ್ನು ಕಂಡಾಗಲೆಲ್ಲ ಸರ್ವಮಂಗಳಮ್ಮ ಒಳಗೆ ಸದ್ದಿದೆಯೇ ಎಂದು ಕಿವಿಗೊಡುತ್ತಿದ್ದರು.

ಸ್ವಾಮಿಗಳು ಒಂದು ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಹೊಸ ಕಾರು ಕೊಂಡಿದ್ದ. ಅದರ ಡಿಕ್ಕಿಯ ಮೇಲೆ ಸ್ಪಾಯ್ಲರ್ ಕೂರಿಸಬೇಕೆಂದು ಅವನಿಗೆ ಆಸೆಯಾಯಿತು. ಸ್ಪಾಯ್ಲರ್ ಎಂದರೆ ಡಿಕ್ಕಿಯ ಅಂಚಿನಲ್ಲಿ ರೆಕ್ಕೆಯ ಹಾಗೆ ಎದ್ದು ನಿಲ್ಲುವ ಉದ್ದನೆಯ ಪಟ್ಟಿ. ಗ್ಯಾರೇಜಿನವರಿಗೆ ಕೊಡಲು ಅವನಿಗೆ ಮನಸ್ಸಿಲ್ಲ. ತಾನೇ ಮಾಡುತ್ತೇನೆ ಎಂದು ಪಟ್ಟಿಯನ್ನು ಮನೆಗೆ ತಂದ.

ಡಿಕ್ಕಿಯನ್ನು ಕೊರೆದು ಬೋಲ್ಟು ಹಾಕಬೇಕು, ಜೊತೆಗೆ ಎರಡೂ ಬದಿ ಅಂಟುವ ಟೇಪು ಹಚ್ಚಬೇಕು. ವರ್ತಕ ಡ್ರಿಲ್ಲನ್ನು ಕೈಗೆತ್ತಿಕೊಂಡ, ಹಾಗೆಯೇ ಕೆಳಗಿಟ್ಟ. ಹೊಸ ಕಾರಿನ ಮೈಗೆ ತೂತು ಬಿದ್ದರೆ ಬಿದ್ದದ್ದೇ. ಟೇಪೊಂದೇ ಸಾಕು ಎಂದುಕೊಂಡ. ಡಿಕ್ಕಿಯನ್ನು ತೊಳೆದು ಒರೆಸಿದ. ಪೂಜೆಯಿಲ್ಲದೆ ಯಾವ ಕೆಲಸಕ್ಕೂ ತೊಡಗುವ ಮನೆ ಅದಲ್ಲ. ಟೇಪು ಕೂರುವ ಜಾಗದಲ್ಲೇ, ಎರಡು ತುದಿಗೂ, ಧಾರಾಳವಾಗಿ ವಿಭೂತಿ ಬಳಿದು ಕೈಮುಗಿದ.

ಪಟ್ಟಿಯ ಇನ್ನೊಂದು ತುದಿ ಹಿಡಿದು ನಿಂತಿದ್ದ ತಮ್ಮ ಮೆಲ್ಲಗೆ ಕೇಳಿದ. "ಅಣ್ಣ, ವಿಭೂತಿ ಒರೆಸಿಬಿಟ್ಟು ಅಂಟಿಸೋಣವಾ? ಪುಡಿಯ ಮೇಲೆ ಟೇಪು ಹಿಡಿಯುತ್ತಾ?"

"ಸ್ಕೂಟರಿನ ಕನ್ನಡಿಗೆ ದಾರ ಸುತ್ತಿಕೊಂಡು ಓಡಾಡೋನು ನೀನು. ನನಗೆ ಹೇಳಿಕೊಡ್ತೀಯಾ? ವಿಭೂತಿ ಕೈಬಿಡುತ್ತೆ ಅಂತೀಯಲ್ಲ, ಮೊದಲು ಬಾಯಿ ತೊಳ್ಕೊ."

ತಮ್ಮ ನಕ್ಕು ತನ್ನ ತುದಿಯನ್ನು ಒತ್ತಿ ಹಿಡಿದ. ಅಂಟಿಸಿದ್ದಾಯಿತು. ಅವನು ಅತ್ತ ಹೋದ ಮೇಲೆ ವರ್ತಕ ಎಡತುದಿಯನ್ನು ಉಗುರಿನಿಂದ ಮೀಟಿ ನೋಡಿದ. ಟೇಪು ಬೂದಿಯನ್ನು ಹೊತ್ತುಕೊಂಡು ಮೇಲೆದ್ದಿತು. ಅದನ್ನು ಅಂಗೈಯಿಂದ ಒತ್ತಿ, ಸುತ್ತ ನೋಡಿ, ಕೈ ಒರೆಸಿಕೊಂಡು ಒಳಗೆ ನಡೆದ.

ಮರುದಿನ ಹೆಣ್ಣು ನೋಡುವ ಶಾಸ್ತ್ರಕ್ಕೆ ಮನೆಮಂದಿ ಹೊರಟರು. ಕಾರಿನಲ್ಲಿ ಜಾಗ ಸಾಲಲಿಲ್ಲ. ತಮ್ಮ ತನ್ನ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡ. "ನನಗೆ ಆ ಊರಿನ ದಾರಿ ಗೊತ್ತಿಲ್ಲ, ನಿನ್ನ ಬೆನ್ನಿಗೇ ಬರ್ತೀನಣ್ಣ" ಎಂದ.

ಹೆದ್ದಾರಿ ಬಂತು. ಗಾಳಿ ಎದುರಾಯಿತು. ವರ್ತಕ ಕನ್ನಡಿಯಲ್ಲಿ ನೋಡಿದ. ಪಟ್ಟಿಯ ಎಡತುದಿ ಒಂದು ಬೆರಳಿನಷ್ಟು ಎದ್ದಿತು, ಕೂತಿತು, ಮತ್ತೆ ಎದ್ದಿತು. ಅದರ ಹಿಂದೆಯೇ ತಮ್ಮನ ಮುಖ. ತಮ್ಮನ ಭುಜದ ಮೇಲೆ ಅವನ ಹೆಂಡತಿಯ ಕೈ.

ಪಟ್ಟಿ ಕಿತ್ತು ಹಾರಿದರೆ ನೇರ ಅವರ ಮುಖಕ್ಕೇ. ಕಾರು ನಿಲ್ಲಿಸಿದರಾಯಿತು. ಆದರೆ ನಿಲ್ಲಿಸಿದರೆ ತಮ್ಮ ಇಳಿದು ಬರುತ್ತಾನೆ. ಬಂದು ನೋಡುತ್ತಾನೆ. ಒಂದು ಮಾತೂ ಆಡುವುದಿಲ್ಲ. ಆಡದೆ ಇರುತ್ತಾನಲ್ಲ, ಅದನ್ನು ತಾಳುವುದು ಹೇಗೆ?

"ಯಾಕ್ರೀ ಹೀಗೆ ಬೆವರ್ತಿದ್ದೀರಿ?" ಹೆಂಡತಿ ಕೇಳಿದಳು.

"ಬಿಸಿಲು."

ತಮ್ಮನನ್ನು ದೂರ ಬಿಡೋಣವೆಂದು ವರ್ತಕ ವೇಗ ಹೆಚ್ಚಿಸಿದ. ವೇಗ ಹೆಚ್ಚಿದಂತೆ ಗಾಳಿ ಹೆಚ್ಚಿತು. ಬೆರಳಿನಷ್ಟು ಎದ್ದಿದ್ದು ಗೇಣಿನಷ್ಟು ಎದ್ದಿತು. ಅಣ್ಣ ಕಣ್ಮರೆಯಾದರೆ ದಾರಿ ತಪ್ಪುತ್ತದೆಂದು ತಮ್ಮನೂ ಸ್ಕೂಟರನ್ನು ಜೋರು ಮಾಡಿದ. ವರ್ತಕ ಕಿಟಕಿಯಿಂದ ಕೈ ಚಾಚಿ, ಹಿಂದೆ ಸರಿ ಎಂದು ಬೀಸಿದ. ಅಣ್ಣ ಕರೆಯುತ್ತಿದ್ದಾನೆಂದು ತಮ್ಮ ಇನ್ನೂ ಹತ್ತಿರ ಬಂದ. ನಗುತ್ತ ಬಂದ. ವರ್ತಕನ ಕಾಲು ಬ್ರೇಕಿನ ಮೇಲೆ ಹೋಯಿತು. ಒತ್ತಲಿಲ್ಲ. ಇನ್ನೊಂದು ಮೈಲಿ ಹಿಡಿದೀತು ಎಂದುಕೊಂಡ. ಊರು ಮುಟ್ಟಿದ ಮೇಲೆ ಯಾರಿಗೂ ಕಾಣದ ಹಾಗೆ ಒತ್ತಿಬಿಡುತ್ತೇನೆ ಎಂದುಕೊಂಡ. ಕನ್ನಡಿಯಲ್ಲಿ ಈಗ ಬಲತುದಿಯೂ ನಡುಗುತ್ತಿತ್ತು.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಸರ್ವಮಂಗಳಮ್ಮ ಮುಂದಕ್ಕೆ ಬಾಗಿದರು. ಕೈಯಲ್ಲಿದ್ದ ಸೆರಗಿನ ತುದಿ ಮುದ್ದೆಯಾಗಿತ್ತು.

"ಆಮೇಲೆ, ಬುದ್ಧಿ? ಹಿಂದೆ ಬರುತ್ತಿದ್ದವರಿಗೆ ಏನಾಯಿತು?"

"ಇನ್ನೂ ಏನೂ ಆಗಿಲ್ಲ, ತಾಯಿ. ಕಾರು ನಿಲ್ಲಿಸಿ, ಇಳಿದು, ಸೊಸೆಯ ಕ್ಷಮೆ ಕೇಳಿ."