ಏರುತ್ತದೆ ಎಂದವರ ಮಾತು

ಗಿರಿಮಲ್ಲನೆಂಬ ಶಿಷ್ಯ ಗುರುಗಳನ್ನು ಕೇಳಿದ:

"ಗುರುಗಳೇ, ಯಾವ ಷೇರು ಏರುತ್ತದೆ ಎಂದು ಒಬ್ಬರು ದಿನವೂ ಮೊಬೈಲಿನಲ್ಲಿ ಹೇಳುತ್ತಾರೆ. ಅವರು ದಲ್ಲಾಳಿಯಲ್ಲ, ಕಂಪನಿಯವರೂ ಅಲ್ಲ, ನಮ್ಮಂತೆಯೇ ಸಾಮಾನ್ಯರು. ಯಾರಿಂದಲೂ ಏನನ್ನೂ ಪಡೆಯುವುದಿಲ್ಲ. ಹೇಳಿದ್ದು ಎಷ್ಟೋ ಸಲ ನಿಜವೂ ಆಗಿದೆ. ಈಗ ಒಂದು ಷೇರು ಇನ್ನೂ ಏರುತ್ತದೆ ಎನ್ನುತ್ತಿದ್ದಾರೆ. ಇಂಥವರನ್ನು ನಂಬಬಹುದೇ ಎಂದು ತಿಳಿಯುವುದು ಹೇಗೆ?"

ಗುರುಗಳು ಹೇಳಿದರು:

ಒಂದು ಪೇಟೆಯಲ್ಲಿ ಒಬ್ಬ ಅರಿಸಿನದ ವ್ಯಾಪಾರಿಯಿದ್ದ. ತಂದೆ ತೀರಿಕೊಂಡ ಮೇಲೆ ಅವನೇ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದ. ಇಬ್ಬರೂ ಒಂದೇ ಮನೆಯಲ್ಲಿದ್ದರು, ಒಂದೇ ಅಂಗಡಿ ನಡೆಸುತ್ತಿದ್ದರು.

ಒಂದು ವರ್ಷ ಅಣ್ಣ, ತಮ್ಮನನ್ನು ಕೇಳದೆ, ಗೋದಾಮು ತುಂಬ ಅರಿಸಿನ ಕೊಂಡು ಹಾಕಿದ. ಬೆಲೆ ಸ್ವಲ್ಪ ಏರಿತು, ಆಮೇಲೆ ನಿಂತಿತು. ಸಿಕ್ಕಷ್ಟು ಲಾಭಕ್ಕೆ ಮಾರಿಬಿಡೋಣ ಎಂದು ತಮ್ಮ ಹೇಳಿದ. ಅಣ್ಣನಿಗೆ ಮನಸ್ಸು ಬರಲಿಲ್ಲ. ನಾಲ್ಕು ಜನರನ್ನು ವಿಚಾರಿಸೋಣ ಎಂದು ಹೊರಟ.

ಪಕ್ಕದ ಅಂಗಡಿಯವನು ಬೆಲೆ ಇಳಿಯುತ್ತದೆ ಎಂದ. ಇವನಿಗೆ ಹೊಟ್ಟೆಕಿಚ್ಚು ಎಂದುಕೊಂಡ ವ್ಯಾಪಾರಿ. ಊರೂರು ತಿರುಗುವ ಲಾರಿ ಚಾಲಕ, ಎಲ್ಲ ಕಡೆಯೂ ಗೋದಾಮುಗಳು ತುಂಬಿವೆ ಎಂದ. ಲಾರಿ ಓಡಿಸುವವನಿಗೆ ವ್ಯಾಪಾರ ಏನು ಗೊತ್ತು ಎಂದುಕೊಂಡ. ಕೊನೆಗೆ ಚಹಾದಂಗಡಿಗೆ ಬಂದ. ಅಲ್ಲಿ ಒಬ್ಬ ನಿವೃತ್ತ ಗುಮಾಸ್ತ ಪತ್ರಿಕೆ ಓದಿ, ಯಾವ ಸರಕು ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಕೂತವರಿಗೆಲ್ಲ ಹೇಳುತ್ತಿದ್ದ. ಒಳ್ಳೆಯ ಮನುಷ್ಯ. ಇನ್ನೊಬ್ಬರ ದುಡ್ಡಿನಲ್ಲಿ ಚಹಾ ಸಹ ಕುಡಿಯುತ್ತಿರಲಿಲ್ಲ. ಅವನು, "ಅರಿಸಿನ ಇನ್ನೂ ಏರುತ್ತದೆ" ಎಂದ.

ವ್ಯಾಪಾರಿ ನಿರಾಳವಾಗಿ ಮನೆಗೆ ಬಂದು ಹೆಂಡತಿಗೆ ತಿಳಿಸಿದ.

"ಹೋದ ವರ್ಷ ಬೆಳ್ಳುಳ್ಳಿ ಏರುತ್ತದೆ ಎಂದವರೂ ಇವರೇ ಅಲ್ಲವೇ? ಏರಲಿಲ್ಲವಲ್ಲ?" ಎಂದಳು ಅವಳು.

"ಬೆಳ್ಳುಳ್ಳಿಯೇ ಬೇರೆ, ಅರಿಸಿನವೇ ಬೇರೆ" ಎಂದ.

ತಮ್ಮ ಮತ್ತೆ ಮಾರೋಣ ಎಂದಾಗ, ಅಣ್ಣ ಅವನನ್ನು ಹೇಡಿ ಎಂದು ಬೈದ. ಆಳುಗಳ ಮುಂದೆಯೇ ಬೈದ. ತಮ್ಮ ತನ್ನ ಪಾಲು ಕೇಳಿದ. ಮನೆ ಎರಡಾಯಿತು, ಅಂಗಡಿ ಎರಡಾಯಿತು. ತಮ್ಮ ತನ್ನ ಅರಿಸಿನವನ್ನು ಆ ವಾರವೇ ಮಾರಿದ.

ಹೊಸ ಬೆಳೆ ಬಂತು. ಬೆಲೆ ಕುಸಿಯಿತು. ಮಳೆಗಾಲದಲ್ಲಿ ಅಣ್ಣನ ಗೋದಾಮಿಗೆ ಹುಳು ಹೊಕ್ಕಿತು. ಉಳಿದದ್ದನ್ನು ಕೇಳಿದವರಿಗೆ ಕೇಳಿದ ಬೆಲೆಗೆ ಕೊಟ್ಟು, ಅಂಗಡಿಗೆ ಬೀಗ ಹಾಕಿ, ನೇರವಾಗಿ ಚಹಾದಂಗಡಿಗೆ ಹೋದ.

"ನಿಮ್ಮ ಮಾತು ನಂಬಿ ಹಾಳಾದೆ" ಎಂದು ಎಲ್ಲರೆದುರು ಕೂಗಾಡಿದ.

ಗುಮಾಸ್ತ ಗಾಬರಿಯಾಗಿ ಎದ್ದು ನಿಂತ. "ಅಯ್ಯೋ, ನನ್ನ ಮಾತು ನಂಬಿ ಕೂತಿರಾ? ನನಗೆ ತೋಚಿದ್ದನ್ನು ಹೇಳಿದೆ ಅಷ್ಟೇ. ನೀವು ಹುಟ್ಟಿದಾಗಿನಿಂದ ಅರಿಸಿನದಲ್ಲೇ ಇದ್ದವರು. ನೀವೇ ಮಾರದೆ ಇಟ್ಟುಕೊಂಡಿದ್ದೀರಿ ಎಂದರೆ ಬೆಲೆ ಏರುವುದು ಖಂಡಿತ ಎಂದು ನಿಮ್ಮನ್ನು ನೋಡಿಯೇ ನನಗೆ ಧೈರ್ಯ ಬಂದಿತ್ತು."

ಗುಮಾಸ್ತನ ಕಣ್ಣಲ್ಲಿ ನೀರಿತ್ತು. ವ್ಯಾಪಾರಿಗೆ ಅವನ ಮೇಲೆ ಸಿಟ್ಟು ಉಳಿಸಿಕೊಳ್ಳುವುದಕ್ಕೆ ಆಗಲಿಲ್ಲ.

ಸುದ್ದಿ ತಿಳಿದು ತಮ್ಮ ತಾನೇ ಬಂದು ಅಣ್ಣನನ್ನು ಕರೆದೊಯ್ದು, ತನ್ನ ಅಂಗಡಿಯ ಗಾದಿಯ ಮೇಲೆ ಕೂರಿಸಿದ. ಆಳುಗಳಿಗೆ, "ಅಣ್ಣ ಹೇಳಿದಂತೆ ನಡೆಯಿರಿ" ಎಂದ. ಅಣ್ಣ ಅಲ್ಲಿ ಕೊನೆಯವರೆಗೂ ದುಡಿದ. ತಮ್ಮನ ಮುಖವನ್ನು ನೇರವಾಗಿ ನೋಡಿ ಮಾತಾಡಲು ಮಾತ್ರ ಅವನಿಂದ ಆಗಲಿಲ್ಲ.

ಕತೆ ಮುಗಿಯಿತು. ಗಿರಿಮಲ್ಲ, "ಹಾಗಾದರೆ ಆ ವ್ಯಾಪಾರಿ ಗುಮಾಸ್ತನನ್ನು ಹೇಗೆ ಪರೀಕ್ಷಿಸಬೇಕಿತ್ತು ಗುರುಗಳೇ?" ಎಂದು ಕೇಳಿದ.

ಗುರುಗಳು ಅವನನ್ನೇ ನೋಡಿ ಹೇಳಿದರು:

"ಅದಿರಲಿ ಗಿರಿಮಲ್ಲ, ನೀನು ಆ ಷೇರು ಕೊಂಡು ಎಷ್ಟು ದಿನವಾಯಿತು?"